ಊರಿನ ಲೆಕ್ಕದಲ್ಲಿ ನಾವೂ ಇದ್ದೇವಾ?

ನಮ್ಮೂರು ಚಿನಕುರಳಿ. ಮಂಡ್ಯ ಜಿಲ್ಲೆ, ಪಾಂಡವಪುರ ತಾಲ್ಲೂಕು. ಇದು ಹೋಬಳಿ ಊರು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ನಮ್ಮ ತಾಲ್ಲೂಕಿಗೆ ನೀರು ಕೊಡುತ್ತದೆ. ನೀರು ಹತ್ತುವ ಕಡೆ ಭತ್ತ, ಕಬ್ಬು. ನೀರು ಹತ್ತದ ಕಡೆ ರಾಗಿ, ಹುರುಳಿ.

ಗದ್ದೆಯಲ್ಲಿ ನಾಟಿ ಹಾಕುವವರು ಯಾರು? ಕಳೆ ಕೀಳುವವರು ಯಾರು? ಹಾಲು ಕರೆದು ಡೈರಿಗೆ ಹಾಕುವವರು ಯಾರು? ಹೆಚ್ಚಾಗಿ ನಾವೇ, ಹೆಂಗಸರೇ. ಹಾಗಾದರೆ ಊರಿನ ಲೆಕ್ಕದಲ್ಲಿ ನಾವೂ ಇದ್ದೇವಾ?

ತಲೆ ಎಣಿಕೆ

ಸರ್ಕಾರ ದೇಶದ ಜನರನ್ನೆಲ್ಲ ಎಣಿಸುತ್ತದೆ. ಇದೇ ಜನಗಣತಿ. 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆದು ಬಂತು. 2011ರಲ್ಲೂ ಆಯ್ತು. 2021ರಲ್ಲಿ ಕೊರೋನಾ ಬಂದು ನಿಂತುಹೋಯ್ತು. ಮುಂದಿನ ಎಣಿಕೆಗೆ 2027ರ ಮಾರ್ಚ್ 1 ಲೆಕ್ಕದ ದಿನ ಎಂದು ಸರ್ಕಾರ 2025ರಲ್ಲಿ ಗೊತ್ತು ಮಾಡಿತು.

ಎಣಿಸಿದರೆ ನಮಗೇನು ಲಾಭ? ಲಾಭ ಇದೆ, ಅಕ್ಕ. ಗ್ರಾಮ ಪಂಚಾಯ್ತಿಗೆ ಸುಮಾರು 400 ಜನಕ್ಕೆ ಒಬ್ಬರು ಸದಸ್ಯರು. ಅದರಲ್ಲಿ ಅರ್ಧ ಸ್ಥಾನ ಹೆಂಗಸರಿಗೆ. ಅಂಗನವಾಡಿ ಎಲ್ಲಿ ಬೇಕು, ಆಸ್ಪತ್ರೆ ಎಲ್ಲಿ ಬೇಕು ಎಂದು ನೋಡುವಾಗಲೂ ಜನರ ಲೆಕ್ಕ ಬೇಕು.

ಲೆಕ್ಕ ಏನು ಹೇಳುತ್ತದೆ?

2011ರಲ್ಲಿ ಮಂಡ್ಯ ಜಿಲ್ಲೆಯ ಜನ 18,05,769. ಗಂಡಸರು 9,05,085. ಹೆಂಗಸರು 9,00,684. ಅಂದರೆ 1000 ಗಂಡಸರಿಗೆ 995 ಹೆಂಗಸರು. ಹೆಚ್ಚುಕಡಿಮೆ ಸರಿಸಮ.

ಈಗ ಮಕ್ಕಳ ಲೆಕ್ಕ ನೋಡೋಣ. ಆರು ವರ್ಷದೊಳಗಿನ 1000 ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು 939 ಮಾತ್ರ. ಹುಟ್ಟುವಾಗ ಗಂಡು ತುಸು ಹೆಚ್ಚು, ನಿಜ. ಹಾಗಿದ್ದರೂ 1000ಕ್ಕೆ 950ರ ಆಸುಪಾಸು ಹೆಣ್ಣು ಇರಬೇಕು. ಉಳಿದ ಕೂಸುಗಳು ಎಲ್ಲಿ ಹೋದವು?

2023ರಲ್ಲಿ ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಕದ್ದು ಸ್ಕ್ಯಾನಿಂಗ್ ಮಾಡುತ್ತಿದ್ದುದು ಬಯಲಾಯ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣೋ ಗಂಡೋ ಎಂದು ನೋಡುತ್ತಿದ್ದರು. 1994ರ ಕಾಯ್ದೆ ಪ್ರಕಾರ ಇದು ಅಪರಾಧ. ಹೇಳುವುದೂ ತಪ್ಪು, ಕೇಳುವುದೂ ತಪ್ಪು. ಆದರೆ ಬಲವಂತಕ್ಕೆ ಸಿಕ್ಕಿದ ಬಸುರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಯಾರಾದರೂ ಬಲವಂತ ಮಾಡಿದರೆ 181ಕ್ಕೆ ಫೋನ್ ಮಾಡಿ. ಅದು ಹೆಂಗಸರ ಸಹಾಯವಾಣಿ.

ಎಣಿಸುವವರು ಬಂದಾಗ

ಎಣಿಸಲು ಬರುವವರು ಹೆಚ್ಚಾಗಿ ನಮ್ಮಂಥ ಶಾಲೆ ಮೇಷ್ಟ್ರು, ಟೀಚರಮ್ಮಂದಿರೇ. ಹೆದರಬೇಡಿ. ನೀವು ಕೊಟ್ಟ ವಿವರ ಗುಟ್ಟಾಗಿರುತ್ತದೆ.

ಗಂಡನ ಹೆಸರು ಹೇಳಬಾರದು ಎಂಬ ರೂಢಿ ಕೆಲವು ಮನೆಗಳಲ್ಲಿ ಉಂಟು. ಅಂಥವರು ಹೇಳಲೇಬೇಕೆಂದಿಲ್ಲ. 1948ರ ಜನಗಣತಿ ಕಾಯ್ದೆಯಲ್ಲೇ ಹಾಗಿದೆ. ಮನೆಯ ಹೆಂಗಸರ ಹೆಸರು ಹೇಳಬೇಕೆಂಬ ಕಡ್ಡಾಯವೂ ಅದರಲ್ಲಿ ಇಲ್ಲ. ಆದರೆ ನಮ್ಮ ಹೆಸರನ್ನು ನಾವು ಯಾಕೆ ಬಿಡಬೇಕು?

ತೊಟ್ಟಿಲ ಕೂಸನ್ನು ಬರೆಸಿ. ಹಾಸಿಗೆ ಹಿಡಿದ ಅಜ್ಜಿಯನ್ನು ಬರೆಸಿ. ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿದವರಿಗೂ ಹೇಳಿ, ಅವರನ್ನೂ ಎಣಿಸಬೇಕು.

ಓದು ಬರಹ ಬರುತ್ತದಾ ಎಂದು ಕೇಳುತ್ತಾರೆ. ಆಗ ಧೈರ್ಯವಾಗಿ ಹೇಳಿ: "ಬರುತ್ತದೆ, ಬರೆದುಕೊಳ್ಳಿ."