ಅಟ್ಟಕ್ಕೂ ಬಂತು ಕೋಣೆಯ ಭಾಗ್ಯ

"ಅಮ್ಮಾ, ನಂಗೊಂದು ಕೋಣೆ ಬೇಕು."

ಹತ್ತನೇ ತರಗತಿಯ ಫಲಿತಾಂಶ ಬಂದ ಮರುದಿನ ಮಗಳು ಮುಂದಿಟ್ಟ ಬೇಡಿಕೆ ಇದು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಕೋಟದ ನಮ್ಮ ಹಳೆಯ ಹಂಚಿನ ಮನೆಯಲ್ಲಿ ಜಗಲಿ ದೊಡ್ಡದು, ಚಾವಡಿ ಇನ್ನೂ ದೊಡ್ಡದು. ಆದರೆ ಬಾಗಿಲು ಹಾಕಿಕೊಂಡು ಓದಲು ಒಂದು ಮೂಲೆಯಿಲ್ಲ. ಚಾವಡಿಯಲ್ಲಿ ಟಿ.ವಿ., ಜಗಲಿಯಲ್ಲಿ ನೆಂಟರು, ನಡುಕೋಣೆಯಲ್ಲಿ ಅತ್ತೆಯವರ ಮಂಚ. ಪಿ.ಯು.ಸಿ. ವಿಜ್ಞಾನ ಓದುವ ಹುಡುಗಿ ಎಲ್ಲಿ ಕೂರಬೇಕು?

ಬೆಂಗಳೂರಿನಿಂದ ಮೈದುನ ಫೋನಿನಲ್ಲೇ ಪರಿಹಾರ ಹೇಳಿದರು: "ಅತ್ತಿಗೆ, ಹಿಂದಿನ ಮಾಡು ತೆಗೆಸಿ ಒಂದು ಸ್ಲ್ಯಾಬ್ ಹಾಕಿಸುವ." ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಹಾಗೇ ಆಗಿದೆ. ಮೊದಲು ಹಿಂದಿನ ಮಾಡು, ಆಮೇಲೆ ಮುಂದಿನದು, ಕೊನೆಗೆ ಇಡೀ ಮನೆ. ಸಾಲದ ಲೆಕ್ಕ ಹಾಕುತ್ತ ಕುಳಿತಿದ್ದ ನಮ್ಮವರು ತಲೆಯೆತ್ತಿ ಮೇಲೆ ನೋಡಿದರು. "ಕೋಣೆ ಇದೆಯಲ್ಲ" ಎಂದರು. ಅವರು ನೋಡುತ್ತಿದ್ದದ್ದು ಅಟ್ಟವನ್ನು.

ಅತ್ತೆಯವರಿಗೆ ಮಾತ್ರ ಇದು ಹಿಡಿಸಲಿಲ್ಲ. "ಅಲ್ಲ್ ಮನಿಕಂಬುದ್ ಇಲಿ, ಮಕ್ಕಳಲ್ಲ ಹೆಣ್ಣೆ!"

ಅವರ ಮಾತಿನಲ್ಲೂ ಸತ್ಯವಿತ್ತು. ನಮ್ಮ ಕಡೆ ಅಟ್ಟವೆಂದರೆ ಮನೆಯ ಉಗ್ರಾಣ. ಬೀಜದ ಭತ್ತದ ಮುಡಿ, ಮಳೆಗಾಲಕ್ಕೆಂದು ತೊಲೆಗೆ ನೇತುಹಾಕಿದ ಸೌತೆಕಾಯಿ, ಹಪ್ಪಳದ ಡಬ್ಬಿ, ಗೊರಬು, ಎಲ್ಲವೂ ಅಲ್ಲೇ. ಗದ್ದೆ ಬೇಸಾಯ ಕಡಿಮೆಯಾದ ಮೇಲೆ ಮುಡಿಗಳು ಹೋದವು. ಉಳಿದದ್ದು ಒಡೆದ ಕುರ್ಚಿ, ತೂತು ಬಿದ್ದ ಕೊಡಪಾನ ಮತ್ತು ಧೂಳು. ಅದೆಲ್ಲವನ್ನೂ ಕೆಳಗಿಳಿಸಿ ಗುಡಿಸಿದಾಗ ಹಲಗೆ ಹಾಸಿದ, ಹನ್ನೆರಡು ಅಡಿ ಉದ್ದದ ಜಾಗ ಕಣ್ಣಿಗೆ ಬಿತ್ತು. ಇಷ್ಟು ವರ್ಷ ನಮ್ಮ ತಲೆಯ ಮೇಲೇ ಇತ್ತು!

ನಿಮ್ಮದೂ ಹಂಚಿನ ಮನೆಯಾದರೆ, ಮಕ್ಕಳು ಕೋಣೆ ಕೇಳುವ ವಯಸ್ಸಿಗೆ ಬಂದಿದ್ದರೆ, ನಾವು ಕಲಿತ ನಾಲ್ಕು ಮಾತು ಪ್ರಯೋಜನಕ್ಕೆ ಬಂದೀತು.

ಮೊದಲು ಮರ ನೋಡಿ

ಪರದೆಯ ಬಣ್ಣ ಆರಿಸುವ ಮೊದಲು ಆಚಾರ್ರನ್ನು ಕರೆಸಿ. ಮುಡಿ ಹೊತ್ತ ಅಟ್ಟ ಮಂಚವನ್ನೂ ಹೊತ್ತೀತು, ನಿಜ. ಆದರೆ ಅದು ಅಂದಿನ ಮಾತು. ಕೆಳಗೆ ಕಟ್ಟಿಗೆಯ ಒಲೆ ಉರಿಯುತ್ತಿದ್ದಾಗ ಹೊಗೆ ಅಟ್ಟಕ್ಕೇರಿ ಮರವನ್ನು ಒಣಗಿಸಿ ಇಡುತ್ತಿತ್ತು. ಹುಳು ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಒಲೆ ಬಂತು, ಹೆಂಗಸರ ಕಣ್ಣಿಗೆ ಸುಖವಾಯಿತು, ಒರಲೆಗೂ ಸುಖವಾಯಿತು! ನಮ್ಮ ಆಚಾರ್ರು ಉಳಿಯ ಹಿಡಿಯಿಂದ ಒಂದೊಂದೇ ಜಂತಿಯನ್ನು ತಟ್ಟಿ ನೋಡಿದರು. ಎರಡು ಟೊಳ್ಳು ಸದ್ದು ಕೊಟ್ಟವು. ಅವನ್ನು ಬದಲಿಸಿ, ಉಳಿದವಕ್ಕೆ ಗೇರು ಎಣ್ಣೆ ಬಳಿದೆವು. ದೋಣಿಯ ಮರ ಕೆಡದಂತೆ ಬಳಿಯುವ ಎಣ್ಣೆಯೇ ಇದು. ಹಸಿಯಿರುವಾಗ ಚರ್ಮಕ್ಕೆ ತಾಗಿದರೆ ಸುಟ್ಟಂತಾಗುತ್ತದೆ. ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಮಕ್ಕಳನ್ನು ಮೇಲೆ ಬಿಡಬೇಡಿ.

ಸೆಕೆಗೆ ದಾರಿ ಕೊಡಿ

ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹುಲ್ಲಿನ ಮಾಡುಗಳ ಕರಾವಳಿಗೆ ಅದು ದೊಡ್ಡ ಬದಲಾವಣೆ. ಹಂಚಿನ ಸಂದುಗಳಲ್ಲಿ ಗಾಳಿಯಾಡುತ್ತದೆ, ಇಳಿಜಾರಿನಲ್ಲಿ ಮಳೆ ನೀರು ಸರಕ್ಕನೆ ಜಾರುತ್ತದೆ. ಆದರೆ ಬಿಸಿಲಿಗೆ ಕಾದ ಹಂಚು ಅಡಿಯಲ್ಲಿರುವವರನ್ನೂ ಕಾಯಿಸುತ್ತದೆ. ಬಿಸಿಗಾಳಿ ಮೇಲೇರಿ ಅಟ್ಟದಲ್ಲೇ ತುಂಬಿಕೊಳ್ಳುತ್ತದೆ. ಹಿಂದಿನವರು ಅಲ್ಲಿ ಮನುಷ್ಯರ ಬದಲು ಭತ್ತವನ್ನು ಇಟ್ಟದ್ದು ಸುಮ್ಮನೆ ಅಲ್ಲ.

ನಾವು ಮಾಡಿದ್ದು ಇಷ್ಟು. ಎರಡೂ ಬದಿಯ ಗೋಡೆಯ ತುದಿಯಲ್ಲಿ, ಮಾಡಿನ ಮೂಲೆಗೆ ಹತ್ತಿರ, ಗಾಳಿಕಿಂಡಿ ಬಿಡಿಸಿ ಇಲಿ ಬಾರದಂತೆ ತಂತಿ ಜಾಲರಿ ಹಾಕಿಸಿದೆವು. ಹಂಚಿನಿಂದ ಅರ್ಧ ಅಡಿ ಕೆಳಗೆ ಬಿದಿರಿನ ತಟ್ಟಿ ಕಟ್ಟಿಸಿದೆವು. ಬಿಸಿಗಾಳಿ ಈಗ ತಟ್ಟಿಯ ಮೇಲಿನಿಂದಲೇ ಹಾದು ಹೊರಗೆ ಹೋಗುತ್ತದೆ. ಓದುವ ಮೇಜಿನ ಪಕ್ಕಕ್ಕೆ ಬೆಳಕು ಬೀಳುವಂತೆ ಎರಡು ಗಾಜಿನ ಹಂಚು ಇಟ್ಟು, ಅವುಗಳಡಿ ತಟ್ಟಿಯನ್ನು ಬಿಡಿಸಿದೆವು. ಎರಡು ಸಾಕು. ಹೆಚ್ಚಾದರೆ ಬೆಳಕಿಗಿಂತ ಸೆಕೆಯೇ ಜಾಸ್ತಿ.

ಇಷ್ಟಾದರೂ ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅಲ್ಲಿ ಕೂರಲಾಗದು. ಪರೀಕ್ಷೆಯೂ ಆಗಲೇ! ಮಗಳು ಬೆಳಗಿನ ಜಾವ ಮತ್ತು ರಾತ್ರಿ ಮೇಲೆ ಓದಿ, ಮಧ್ಯಾಹ್ನ ಜಗಲಿಗೆ ಇಳಿಯುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೆಟ್ಟಿಲು, ತಂತಿ, ಬೆಂಕಿ

ಈ ಮೂರರಲ್ಲಿ ಉಳಿತಾಯ ಬೇಡ. ನಿದ್ದೆಗಣ್ಣಲ್ಲಿ ಇಳಿಯುವ ಮಗುವಿಗೆ ಸರಿಸುವ ಏಣಿ ಅಪಾಯ. ಗಟ್ಟಿಯಾಗಿ ಕೂರಿಸಿದ ಮೆಟ್ಟಿಲು ಮತ್ತು ಹಿಡಿಕೆ ಬೇಕು. ಮೆಟ್ಟಿಲ ಬಾಯಿಗೆ ಸುತ್ತಲೂ ಕಟಕಟೆ ಇರಲಿ. ಸರಳುಗಳ ನಡುವೆ ನಾಲ್ಕು ಅಂಗುಲಕ್ಕಿಂತ ಹೆಚ್ಚು ಸಂದು ಬೇಡ, ಮನೆಗೆ ಬರುವ ಪುಟ್ಟ ಮಕ್ಕಳ ತಲೆ ತೂರುತ್ತದೆ. ವಿದ್ಯುತ್ ತಂತಿಯನ್ನು ಪೈಪಿನೊಳಗೇ ಎಳೆಸಿ, ಇಲಿಗೆ ತಂತಿಯ ರುಚಿ ಗೊತ್ತು. ಎಲ್.ಇ.ಡಿ. ದೀಪ ಹೆಚ್ಚು ಬಿಸಿಯಾಗದು, ಅದೇ ಇರಲಿ. ಸೊಳ್ಳೆ ಬತ್ತಿ, ಮೇಣದ ಬತ್ತಿ ಅಟ್ಟಕ್ಕೆ ಏರಲೇಬಾರದು. ಮರ, ಬಿದಿರು, ಕಾಗದ ಎಲ್ಲ ಸೇರಿದ ಜಾಗ ಅದು. ಸೊಳ್ಳೆಪರದೆ ಕಟ್ಟಿ, ಚಂದವೂ ಕಾಣುತ್ತದೆ.

ಅಲಂಕಾರ ಮಕ್ಕಳಿಗೆ ಬಿಡಿ

ಮಾಡು ತಗ್ಗಿರುವ ಕಡೆ ಹಾಸಿಗೆ, ನಿಂತರೆ ತಲೆ ತಾಗದ ನಡುಭಾಗದಲ್ಲಿ ಮೇಜು. ಇಷ್ಟು ಮಾತ್ರ ನಾವು ಹೇಳಿದ್ದು. ಮಿಕ್ಕದ್ದು ಮಗಳ ಕೆಲಸ. ಪೇಟೆಯಿಂದ ಏನೋ ತರಿಸುತ್ತಾಳೆಂದು ಕಾದರೆ ಅವಳು ಕೈ ಹಾಕಿದ್ದು ಅಟ್ಟದಿಂದ ಇಳಿಸಿದ ರಾಶಿಗೆ! ಭತ್ತ ಅಳೆಯುವ ಕಳಸಿಗೆ ಕಾಗದದ ಬುಟ್ಟಿಯಾಯಿತು. ಹಳೆಯ ತೊಟ್ಟಿಲು ಗೋಡೆಗೊರಗಿ ಪುಸ್ತಕದ ಕಪಾಟಾಯಿತು. ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಸ್ಟು ಬಾರದಿರಲು ಅದನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿದೆವು. ಅದರ ಮೊದಲ ಸಾಲಿನಲ್ಲಿ ಪಠ್ಯಪುಸ್ತಕ. ಎರಡನೆಯದರಲ್ಲಿ 1902ರಲ್ಲಿ ಇದೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು. ಪರದೆಗೆ ಮಾತ್ರ ಬಟ್ಟೆ ಸಿಗಲಿಲ್ಲ.

ಆಗ ಅತ್ತೆಯವರು ಪೆಟ್ಟಿಗೆ ತೆರೆದು ತಮ್ಮ ಎರಡು ಹತ್ತಿ ಸೀರೆ ಕೊಟ್ಟರು. ಒಂದೇ ಷರತ್ತು: ಹಾಕಿದ ಮೇಲೆ ತಮಗೆ ತೋರಿಸಬೇಕು. ಮಂಡಿನೋವಿನಿಂದ ಜಗಲಿ ಇಳಿಯುವುದಕ್ಕೇ ಕಷ್ಟಪಡುವ ಅವರು ಹಿಡಿಕೆ ಹಿಡಿದು, ಮೊಮ್ಮಗಳು ಹಿಂದೆ ನಿಂತು ಆತುಕೊಂಡಂತೆ, ಒಂದೊಂದೇ ಮೆಟ್ಟಿಲು ಹತ್ತಿದರು. ತೊಟ್ಟಿಲನ್ನು ಮುಟ್ಟಿ ನೋಡಿದರು. "ನಿನ್ನ ಅಪ್ಪಯ್ಯ ಮಲಗಿದ್ದು ಇದರಲ್ಲೇ" ಎಂದರು. ಇಲಿಯ ಮಾತು ಮತ್ತೆ ಎತ್ತಲಿಲ್ಲ.

ಮಗಳು ಈಗ ದೂರದ ಊರಿನ ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ. ಅಟ್ಟ ಖಾಲಿಯಾಯಿತೆಂದುಕೊಂಡಿದ್ದೆ. ಕಳೆದ ರಜೆಯಲ್ಲಿ ಬೆಂಗಳೂರಿನಿಂದ ಬಂದ ಮೈದುನನ ಮಕ್ಕಳು ಚಪ್ಪಲಿ ಬಿಟ್ಟವರೇ ಮೇಲೆ ಓಡಿದರು. ಮೊದಲೆಲ್ಲ ಎರಡು ದಿನಕ್ಕೇ "ಹೋಗುವ" ಎನ್ನುತ್ತಿದ್ದವರು ಈ ಸಲ ಹತ್ತು ದಿನ ಉಳಿದರು. ಹೊರಡುವ ದಿನ ಮೈದುನ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದರು: "ಅತ್ತಿಗೆ, ಆಚೆ ಬದಿಯ ಅಟ್ಟದ ಜಂತಿ ಹೇಗಿದೆ?"

ಸ್ಲ್ಯಾಬಿನ ಮಾತು ಆಮೇಲೆ ಬರಲಿಲ್ಲ. ಆಚಾರ್ರಿಗೆ ಹೇಳಿಕಳಿಸಿದ್ದೇವೆ.