ಉಳಿದ ಅನ್ನದ ಗತಿ

ಅನ್ನವನ್ನು ಹಳಿಯಬಾರದೆಂಬುದನ್ನು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯು ಒಂದು ವ್ರತವಾಗಿ ವಿಧಿಸಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿಯೇ ಆಗಿದೆ. ಆದರೆ ನಾವು ಉಂಡು ಬಿಟ್ಟ ಅನ್ನವು ಎಲ್ಲಿಗೆ ಹೋಗುವುದೆಂದು ವಿಚಾರಿಸುವವರು ವಿರಳ. ಗೃಹಸ್ಥರು ಈ ಕಾಲದಲ್ಲಿ ಅದನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಹಿಂದಿನ ಮನೆಗಳಲ್ಲಿ ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಮಿಕ್ಕ ಗಂಜಿ, ಇವೆಲ್ಲವೂ ಕಲಗಚ್ಚಿನ ಬಾನಿಯನ್ನು ಸೇರಿ ಹಸುವಿನ ಪಾಲಾಗುತ್ತಿದ್ದುವು. ಹಸು ಮುಟ್ಟದುದು ತಿಪ್ಪೆಗೂ, ತಿಪ್ಪೆಯ ಗೊಬ್ಬರವು ಹೊಲಕ್ಕೂ ಹೋಗಿ, ಭೂಮಿಯಿಂದ ಬಂದುದು ಭೂಮಿಗೇ ಮರಳುತ್ತಿದ್ದಿತು. ಈಗಿನ ಪಟ್ಟಣದ ಮನೆಯಲ್ಲಿ ಹಸುವೂ ಇಲ್ಲ, ತಿಪ್ಪೆಯೂ ಇಲ್ಲ. ಅದೇ ಪದಾರ್ಥವು ಅನೇಕ ವೇಳೆ ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಲ್ಪಟ್ಟು ಊರಾಚೆಯ ಕಸದ ರಾಶಿಯನ್ನು ಸೇರುತ್ತದೆ. ಅಲ್ಲಿ ಗಾಳಿಯಾಡದೆ ಕೊಳೆಯುವಾಗ ಮೀಥೇನ್ ಎಂಬ ಅನಿಲವು ಹುಟ್ಟುತ್ತದೆ. ಶಾಖವನ್ನು ತಡೆದು ಭೂಮಂಡಲವನ್ನು ಬಿಸಿ ಮಾಡುವುದರಲ್ಲಿ ಇದು, ನೂರು ವರ್ಷಗಳ ಲೆಕ್ಕದಲ್ಲಿ, ಸಮತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಪ್ರಬಲವಾದುದು.

ಇದರ ದುಃಖವನ್ನು ಮೊದಲು ಅನುಭವಿಸುವವರು ರಾಶಿಯ ನೆರೆಯವರು. ಬೆಂಗಳೂರಿನ ಕಸವನ್ನು ವರ್ಷಗಳ ಕಾಲ ಹೊತ್ತ ಮಂಡೂರಿನ ಜನರು 2014ರಲ್ಲಿ ಇನ್ನು ಸಹಿಸಲಾರೆವೆಂದು ಪ್ರತಿಭಟಿಸಿದರು. ನಮ್ಮ ಎಲೆಯಲ್ಲಿ ಮಿಕ್ಕುದನ್ನು ಇನ್ನೊಬ್ಬರ ಅಂಗಳದ ಬಳಿ ಸುರಿಯುವುದು ಯಾವ ಧರ್ಮ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರವು ಸುಮಾರು 105 ಕೋಟಿ ಟನ್ನು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳದು. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅದರ ಅಂದಾಜು. ಸಿಪ್ಪೆ, ಬೀಜಗಳೂ ಸೇರಿದ ಈ ಲೆಕ್ಕವು ದಿನಕ್ಕೆ 150 ಗ್ರಾಮಿನಷ್ಟಾಗುತ್ತದೆ. ಅಲ್ಪವೆಂದು ತೋರುವುದು ಅಲ್ಪವಲ್ಲ.

ಹೀಗಿರಲಾಗಿ ಮಾಡತಕ್ಕದ್ದೇನು? ಮೊದಲನೆಯದು ಅಳತೆ. ಅತಿಥಿಗೆಂದು ಒಂದು ಹಿಡಿ ಹೆಚ್ಚು ಅಕ್ಕಿ ಹಾಕುವುದು ನಮ್ಮ ಹಿರಿಯರ ಪದ್ಧತಿ. ಸೌದೆಯ ಒಲೆಯನ್ನು ಮತ್ತೆ ಹೊತ್ತಿಸುವುದು ಕಷ್ಟವಾಗಿದ್ದ ಕಾಲಕ್ಕೆ ಅದು ಯುಕ್ತವೇ ಆಗಿದ್ದಿತು. ಈಗ ಅತಿಥಿ ಬಂದು ಕುಳಿತ ಮೇಲೆಯೂ ಅರ್ಧ ಗಂಟೆಯೊಳಗೆ ಬಿಸಿಯನ್ನವನ್ನು ಮಾಡಿ ಬಡಿಸಬಹುದು. ಬೇಡವೆಂದವರ ಎಲೆಗೆ ಬಲವಂತವಾಗಿ ಬಡಿಸುವುದು ಉಪಚಾರವಲ್ಲ.

ಎರಡನೆಯದು ಪೂರ್ಣವಾದ ಉಪಯೋಗ. ಹೀರೇಕಾಯಿಯ ಸಿಪ್ಪೆಯ ಚಟ್ನಿ, ಸೊಪ್ಪು ಬೇಯಿಸಿದ ನೀರಿನ ಬಸ್ಸಾರು, ಬಾಳೆಯ ದಿಂಡಿನ ಪಲ್ಯ, ಇವನ್ನು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾದುದಿಲ್ಲ, ಮರೆಯದಿದ್ದರೆ ಸಾಕು. ಮಿಕ್ಕ ಅನ್ನವನ್ನು ಮಾತ್ರ ಬಹಳ ಹೊತ್ತು ಹೊರಗಿಡದೆ ಬೇಗನೆ ಆರಿಸಿ ಶೀತಪೆಟ್ಟಿಗೆಯಲ್ಲಿಟ್ಟು, ಮರುದಿನವೇ ಚಿತ್ರಾನ್ನಕ್ಕೆ ಬಳಸತಕ್ಕದ್ದು. ಹಳಸಿದುದನ್ನು ಉಣ್ಣುವುದು ಮಿತವ್ಯಯವಲ್ಲ, ರೋಗಕ್ಕೆ ಆಹ್ವಾನ.

ಮೂರನೆಯದು ಧಾನ್ಯದ ಆಯ್ಕೆ. ನೀರು ನಿಂತ ಗದ್ದೆಯ ಕೆಸರಿನಲ್ಲಿಯೂ ಗಾಳಿ ಸೋಕದ ಕಾರಣ ಮೀಥೇನ್ ಹುಟ್ಟುತ್ತದೆ. ರಾಗಿ, ಜೋಳಗಳಾದರೋ ಹೆಚ್ಚಾಗಿ ಮಳೆಯನ್ನೇ ನಂಬಿ ಬೆಳೆಯತಕ್ಕವು. ಭಾರತದ ಪ್ರಸ್ತಾಪದಂತೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತಷ್ಟೆ. ಅಕ್ಕಿಯನ್ನು ತೊರೆಯಿರೆಂದು ನಾವು ಹೇಳುವುದಿಲ್ಲ. ವಾರದಲ್ಲಿ ಮೂರು ನಾಲ್ಕು ಹೊತ್ತು ಮುದ್ದೆಗೋ ರೊಟ್ಟಿಗೋ ಸ್ಥಳ ದೊರೆತರೆ ಸಂತೋಷ.

ಕಡೆಯದಾಗಿ, ಇಷ್ಟಾದರೂ ಉಳಿಯುವ ಸಿಪ್ಪೆ ನಾರುಗಳಿಗೆ, ಪಕ್ಕದಲ್ಲಿ ರಂಧ್ರಗಳುಳ್ಳ ಒಂದು ಮಣ್ಣಿನ ಮಡಕೆ ಸಾಕು. ಒಂದು ಪದರ ಸಿಪ್ಪೆ, ಮೇಲೆ ಒಂದು ಪದರ ಒಣ ಎಲೆ, ಹೀಗೆ ತುಂಬಿ, ಆಗಾಗ್ಗೆ ಕೆದಕಿ ಗಾಳಿಯಾಡಿಸುತ್ತಿದ್ದರೆ ಕೆಲವು ತಿಂಗಳುಗಳಲ್ಲಿ ಕಪ್ಪಾದ ಒಳ್ಳೆಯ ಗೊಬ್ಬರವಾಗುತ್ತದೆ. ಗಾಳಿಯಾಡುವ ಕಾರಣ ಮೀಥೇನ್ ಹುಟ್ಟುವುದು ಬಹಳ ಕಡಮೆ. ಹಸುವನ್ನು ಕಟ್ಟಲಾಗದ ಮನೆಯಲ್ಲಿ ಕಲಗಚ್ಚಿನ ಬಾನಿಯ ಸ್ಥಾನವನ್ನು ಈ ಮಡಕೆಯು ವಹಿಸಬಲ್ಲದು. ತುಳಸಿಯ ಕಟ್ಟೆಗೆ ಅದರಿಂದ ಒಂದು ಹಿಡಿ ಗೊಬ್ಬರ ಬಿದ್ದರೂ ಲಾಭವೇ.