ಓದಿದ್ದು ಅರ್ಥವಾಯಿತೇ?

ಭಾನುವಾರ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವ ಬಂಧುಗಳಲ್ಲಿ ಅನೇಕರು ಮಕ್ಕಳನ್ನೂ ಜೊತೆಗೆ ಕರೆತರುತ್ತಾರೆ. ಈಚೆಗೆ ಒಬ್ಬ ತಂದೆ ನಾಲ್ಕನೆಯ ತರಗತಿಯ ತಮ್ಮ ಮಗಳ ಕೈಗೆ ಇಂಗ್ಲಿಷು ಪುಸ್ತಕ ಕೊಟ್ಟು ಓದಿಸಿದರು. ಹುಡುಗಿ ಎಲ್ಲಿಯೂ ತಡವರಿಸದೆ ಒಂದು ಪುಟ ಓದಿ ಮುಗಿಸಿದಳು. ತಂದೆಯ ಮುಖ ಅರಳಿತು. ನಾವು ಕನ್ನಡದಲ್ಲಿಯೇ ಕೇಳಿದೆವು: “ಕಥೆಯಲ್ಲಿ ಏನಾಯಿತಮ್ಮಾ?” ಹುಡುಗಿ ಪುಸ್ತಕ ನೋಡಿದಳು, ತಂದೆಯನ್ನು ನೋಡಿದಳು, ಸುಮ್ಮನೆ ನಿಂತಳು.

ಇದರಲ್ಲಿ ಹುಡುಗಿಯ ತಪ್ಪೇನೂ ಇಲ್ಲ. ಗಟ್ಟಿಯಾಗಿ ಓದುವುದೇ ಓದು ಎಂದು ನಾವೆಲ್ಲರೂ ನಂಬಿಬಿಟ್ಟಿದ್ದೇವೆ. ಶುಲ್ಕ ಕಟ್ಟಿ, ಪುಸ್ತಕ ಕೊಂಡು, ಸಂಜೆ ದಣಿದು ಮನೆಗೆ ಬಂದ ತಂದೆತಾಯಿಗಳಿಗೆ ಮಗುವಿನ ಇಂಗ್ಲಿಷು ಕಿವಿಗೆ ಬಿದ್ದರೆ ಅಷ್ಟೇ ಸಮಾಧಾನ. ಆದರೆ ಓದುವುದು ಬೇರೆ, ಓದಿದ್ದನ್ನು ತಿಳಿಯುವುದು ಬೇರೆ.

“ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಬರೆಯುತ್ತಾನಲ್ಲ!” ಎನ್ನುವವರುಂಟು. ಈ ಎರಡು ವಾಕ್ಯಗಳನ್ನು ಓದಿ ನೋಡಿ: “ಗಿಮರವೊಂದು ತೊಡುಪಿನಲ್ಲಿ ಲೊಂಪಿತು. ಅದನ್ನು ಕಂಡು ಬೊರಣವು ಜಿಬುಗಿತು.” ಗಿಮರ ಎಲ್ಲಿ ಲೊಂಪಿತು? ತೊಡುಪಿನಲ್ಲಿ. ಏನನ್ನು ಕಂಡು ಬೊರಣ ಜಿಬುಗಿತು? ಗಿಮರವನ್ನು ಕಂಡು. ಎರಡೂ ಉತ್ತರ ಸರಿ, ಪೂರ್ಣ ಅಂಕ! ಆದರೆ ಗಿಮರವೆಂದರೆ ಏನು? ನಮಗೂ ಗೊತ್ತಿಲ್ಲ, ಅವು ನಾವೇ ಕಟ್ಟಿದ ಸುಳ್ಳು ಪದಗಳು. ಪ್ರಶ್ನೆಯ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನೇ ಎತ್ತಿ ಬರೆಯುವ ಉಪಾಯ ಮಕ್ಕಳಿಗೆ ಬಹುಬೇಗ ಕೈವಶವಾಗುತ್ತದೆ.

1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಈ ವಿಷಯವನ್ನು ಒಂದು ಸರಳ ಲೆಕ್ಕದಂತೆ ವಿವರಿಸಿದರು. ಅಕ್ಷರವನ್ನು ಉಚ್ಚಾರಕ್ಕೆ ತರುವ ಶಕ್ತಿ ಒಂದು, ಆ ಭಾಷೆಯನ್ನು ಕೇಳಿದಾಗ ತಿಳಿಯುವ ಶಕ್ತಿ ಇನ್ನೊಂದು. ಇವೆರಡನ್ನೂ ಕೂಡಿಸಬಾರದು, ಗುಣಿಸಬೇಕು. ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ನಮ್ಮ ಮಕ್ಕಳಲ್ಲಿ ಮೊದಲನೆಯದು ಬೆಳೆಯುತ್ತದೆ, ಎರಡನೆಯದು ಹಿಂದೆ ಉಳಿಯುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಂಗಳದಲ್ಲಿ ತೆಲುಗು, ಬೀದಿಯಲ್ಲಿ ದಖ್ಖನಿ. ಇಂಗ್ಲಿಷು ಮಾತ್ರ ಪುಸ್ತಕದಲ್ಲಿ. ಕೇಳಿ ಅರಿಯದ ಭಾಷೆ ಓದಿದೊಡನೆ ಹೇಗೆ ತಿಳಿದೀತು?

ಇದನ್ನು ಉದಾಸೀನ ಮಾಡುವಂತಿಲ್ಲ. 2022–23ನೆಯ ಶಾಲಾ ವರ್ಷದಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿಯೂ 1ರಿಂದ 8ನೆಯ ತರಗತಿಯವರೆಗೆ ಇಂಗ್ಲಿಷು ಮಾಧ್ಯಮ ಬಂದಿತು. ಪಠ್ಯಪುಸ್ತಕಗಳನ್ನು ತೆಲುಗು, ಇಂಗ್ಲಿಷು ಎರಡರಲ್ಲಿಯೂ ಅಚ್ಚು ಮಾಡಿದರು. ಆದರೆ ಕನ್ನಡದ ಮನೆಯ ಮಗುವಿಗೆ ಎರಡೂ ಹೊರಗಿನವೇ. ಓದು ತಿಳಿಯದಿದ್ದರೆ ಲೆಕ್ಕವೂ ಕೆಡುತ್ತದೆ. “ಹೌ ಮೆನಿ ಮ್ಯಾಂಗೋಸ್ ಆರ್ ಲೆಫ್ಟ್?” ಎಂದು ಕೇಳಿದರೆ, ಲೆಫ್ಟ್ ಎಂದರೆ ಎಡಗಡೆ ಎಂದಷ್ಟೇ ಕಲಿತ ಹುಡುಗ ಎಡಗಡೆಯ ಮಾವಿನಹಣ್ಣು ಹುಡುಕುತ್ತಾನೆ. ಅವನಿಗೆ ಕಳೆಯುವ ಲೆಕ್ಕ ಬರುವುದಿಲ್ಲವೆಂದು ನಾವು ಗದರಿಸುತ್ತೇವೆ!

ಹೈದರಾಬಾದಿಗೆ ಈ ಪ್ರಶ್ನೆ ಹೊಸತಲ್ಲ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿ ಆರಂಭವಾದಾಗಲೂ ಇಂಗ್ಲಿಷು ಕಡ್ಡಾಯ ವಿಷಯವಾಗಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಂದ ಅಲ್ಲಿಗೆ ಬಂದ ಕನ್ನಡಿಗ ವಿದ್ಯಾರ್ಥಿಗಳು ಮನೆಮಾತಲ್ಲದ ಎರಡು ಭಾಷೆಗಳಲ್ಲಿ ಈಜಬೇಕಿತ್ತು. ಇಂಗ್ಲಿಷನ್ನು ಕಲಿಸುವವರನ್ನು ತರಬೇತುಗೊಳಿಸಲು 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಸ್ಥಾಪನೆಯಾದದ್ದು ಇದೇ ಊರಿನಲ್ಲಿ. 2007ರಲ್ಲಿ ಅದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾನಿಲಯವಾಯಿತು.

ನಮಗೆ ಹೆಚ್ಚು ಉಪಯೋಗವಾಗುವ ಪಾಠ ಬೆಂಗಳೂರಿನದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗಕ್ಕೆ ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರು. ಅಲ್ಲಿ ಉರು ಹಾಕಿಸಲಿಲ್ಲ. ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು, ಯೋಚಿಸಿ ಬಿಡಿಸಬೇಕಾದ ಕೆಲಸ ಕೊಟ್ಟರು. ಮೊದಲು ಉಪಾಧ್ಯಾಯರು ಒಂದನ್ನು ಇಡೀ ತರಗತಿಯೊಡನೆ ಬಿಡಿಸುವರು; ಅನಂತರ ಅಂಥದೇ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ತರಗತಿಯ ಅರ್ಧದಷ್ಟು ಮಕ್ಕಳಾದರೂ ಅರ್ಧದಷ್ಟನ್ನಾದರೂ ಸರಿಯಾಗಿ ಮಾಡಿದರೆ ಆ ಕೆಲಸ ತಕ್ಕಮಟ್ಟಿನದು ಎಂದು ಅವರ ಅಳತೆ. ಉತ್ತರ ಪುಸ್ತಕದ ಸಾಲಿನಲ್ಲಿ ಸಿದ್ಧವಾಗಿ ಇರದಿದ್ದಾಗ ಮಗು ಅರ್ಥವನ್ನು ಹುಡುಕಲೇಬೇಕಾಗುತ್ತದೆ. ಇದೇ ಅದರ ಮರ್ಮ.

ಇದನ್ನು ಮನೆಯಲ್ಲಿ ಮಾಡುವುದು ಹೇಗೆ? ಮಗುವಿನ ಪಾಠದಲ್ಲಿ ಇಂಥ ಮೂರು ಸಾಲು ಇವೆಯೆಂದು ತಿಳಿಯೋಣ: “ರವಿ ವೋಕ್ ಅಪ್ ಲೇಟ್. ಹಿ ರ‍್ಯಾನ್ ಟು ದ ಬಸ್ ಸ್ಟಾಪ್, ಬಟ್ ದ ಬಸ್ ವಾಸ್ ಗಾನ್. ಹಿಸ್ ಷೂಸ್ ವರ್ ಫುಲ್ ಆಫ್ ಮಡ್ ವೆನ್ ಹಿ ರೀಚ್ಡ್ ಸ್ಕೂಲ್.”

ಮೊದಲನೆಯ ಪ್ರಶ್ನೆ: ರವಿ ಎಲ್ಲಿಗೆ ಓಡಿದ? ಉತ್ತರ ಸಾಲಿನಲ್ಲೇ ಇದೆ. ಎರಡನೆಯದು: ಶಾಲೆಗೆ ಹೇಗೆ ಹೋದ? ಇದು ಬರೆದಿಲ್ಲ. ಬಸ್ಸು ಹೋಗಿಬಿಟ್ಟಿತ್ತು, ಬೂಟಿನ ತುಂಬ ಕೆಸರು. ಆದ್ದರಿಂದ ನಡೆದೇ ಹೋಗಿರಬೇಕು. ಮೂರನೆಯದು: ನೀನಾಗಿದ್ದರೆ ಏನು ಮಾಡುತ್ತಿದ್ದೆ? ಎರಡನೆಯ ಪ್ರಶ್ನೆಗೆ ಉತ್ತರ ಬಂದರೆ ಮಗುವಿಗೆ ತಿಳಿದಿದೆ ಎಂದು ನಂಬಬಹುದು.

“ನಮಗೇ ಇಂಗ್ಲಿಷು ಬಾರದು, ನಾವೇನು ಕೇಳೋಣ?” ಎಂದು ಹಿಂಜರಿಯಬೇಡಿ. ನಿಮಗೆ ಬಾರದಿರುವುದೇ ಒಂದು ಅನುಕೂಲ. “ನನಗೆ ತಿಳಿಯದು, ನೀನೇ ಓದಿ ಕನ್ನಡದಲ್ಲಿ ಹೇಳು” ಎಂದರೆ ಮಗು ಉಪಾಧ್ಯಾಯನಾಗುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಕ್ರಮ ಹೀಗಿರಲಿ:

ಒಂದು, ಚಿತ್ರವನ್ನೂ ತಲೆಬರಹವನ್ನೂ ನೋಡಿ, ಒಳಗೆ ಏನಿರಬಹುದೆಂದು ಮಗು ಊಹಿಸಲಿ.

ಎರಡು, ಮೊದಲು ಮೌನವಾಗಿ ಓದಲಿ. ಗಟ್ಟಿಯಾಗಿ ಓದುವಾಗ ಮಗುವಿನ ಗಮನವೆಲ್ಲ ಉಚ್ಚಾರದ ಮೇಲೆಯೇ ಹೋಗುವುದುಂಟು.

ಮೂರು, ಓದಿದ ಮೇಲೆ ಪುಸ್ತಕ ಮುಚ್ಚಿ, ಕನ್ನಡದಲ್ಲಿ ಹೇಳಲಿ. “ಯಾರು? ಎಲ್ಲಿ? ಏಕೆ? ಆಮೇಲೆ?” ಎಂದಷ್ಟೇ ಕೇಳಿ.

ನಾಲ್ಕು, ಪುಸ್ತಕ ತೆರೆದು, “ಅದು ನಿನಗೆ ಹೇಗೆ ಗೊತ್ತಾಯಿತು? ತೋರಿಸು” ಎನ್ನಿ. ಮಗು ಬೆರಳಿಟ್ಟು ಸಾಲನ್ನು ತೋರಿಸಲಿ.

ಪುಸ್ತಕ ಮಗುವಿನ ಶಕ್ತಿಗೆ ತಕ್ಕದಾಗಿರಲಿ. ನೂರು ಪದಗಳಲ್ಲಿ ತೊಂಬತ್ತೆಂಟರಷ್ಟು ಗೊತ್ತಿದ್ದರೆ ಮಾತ್ರ ಯಾರ ಸಹಾಯವೂ ಇಲ್ಲದೆ ಕಥೆ ಸಲೀಸಾಗಿ ತಿಳಿಯುತ್ತದೆ ಎಂದು 2000ದಲ್ಲಿ ಹು ಮತ್ತು ನೇಷನ್ ತೋರಿಸಿದರು. ಸಾಲಿಗೆ ಎರಡು ಹೊಸ ಪದ ಬರುವ ದಪ್ಪ ಪುಸ್ತಕಕ್ಕಿಂತ ತಿಳಿಯುವ ತೆಳು ಪುಸ್ತಕ ಮೇಲು. ಮೇಲಿನ ತರಗತಿಯ ಮಗು ಕೆಳಗಿನ ತರಗತಿಯ ಪುಸ್ತಕ ಓದಿದರೆ ಅವಮಾನವೇನೂ ಇಲ್ಲ.

ಚಿಕ್ಕ ಪದಗಳ ಮೇಲೆ ಕಣ್ಣಿರಲಿ. “ಹಿ ಡಿಡ್ ನಾಟ್ ಈಟ್ ಅನ್‌ಟಿಲ್ ಹಿಸ್ ಫಾದರ್ ಕೇಮ್.” ಹುಡುಗ ಊಟ ಮಾಡಿದನೇ, ಇಲ್ಲವೇ? ನಾಟ್ ಕಂಡೊಡನೆ ಅನೇಕ ಮಕ್ಕಳು “ಇಲ್ಲ” ಎಂದುಬಿಡುತ್ತಾರೆ. ತಂದೆ ಬರುವ ತನಕ ಮಾಡಲಿಲ್ಲ, ಬಂದ ಮೇಲೆ ಮಾಡಿದ ಎಂಬುದು ಅದರ ಭಾವ. ನಮ್ಮ ‘ತನಕ’ವನ್ನು ನೆನಪಿಸಿದರೆ ಗಂಟು ಬಿಚ್ಚುತ್ತದೆ. ಕನ್ನಡ ಇಲ್ಲಿ ಅಡ್ಡಿಯಲ್ಲ, ಊರುಗೋಲು.

ಪುಸ್ತಕವಿಲ್ಲದ ಮನೆಯಲ್ಲಿಯೂ ಓದಲು ಸಾಮಗ್ರಿಯುಂಟು. ಊರಿಗೆ ಹೋಗುವ ರೈಲಿನ ವೇಳಾಪಟ್ಟಿ ಕೊಟ್ಟು, “ಅಜ್ಜಿಯ ಮನೆಗೆ ಕತ್ತಲಾಗುವ ಮೊದಲು ಸೇರಬೇಕು, ಯಾವ ಗಾಡಿ ಹಿಡಿಯೋಣ?” ಎಂದು ಕೇಳಿ. ಔಷಧದ ಸೀಸೆಯ ಮೇಲಿನ “ಷೇಕ್ ವೆಲ್ ಬಿಫೋರ್ ಯೂಸ್” ಎಂಬುದನ್ನು ಓದಿಸಿ, ಮೊದಲು ಏನು ಮಾಡಬೇಕೆಂದು ಕೇಳಿ. ವಿದ್ಯುತ್ ಬಿಲ್ಲಿನಲ್ಲಿ ಹಣ ಕಟ್ಟಲು ಕೊನೆಯ ದಿನ ಯಾವುದೆಂದು ಹುಡುಕಿಸಿ. ಇಂಗ್ಲಿಷು ಕಾಗದಕ್ಕೆ ರುಜು ಹಾಕುವ ಮುನ್ನ ಅದರಲ್ಲಿ ಏನಿದೆಯೆಂದು ತಿಳಿಯದೆ ಕಷ್ಟಪಟ್ಟವರು ನಮ್ಮಲ್ಲಿ ಎಷ್ಟೋ ಮಂದಿ. ಆ ಕಷ್ಟ ಮಕ್ಕಳಿಗೆ ಬಾರದಿರಲಿ ಎಂದೇ ಅಲ್ಲವೇ ನಾವು ಅವರನ್ನು ಓದಿಸುತ್ತಿರುವುದು?

ಆ ಹುಡುಗಿಯ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಪುಟವನ್ನು ಮತ್ತೊಮ್ಮೆ ಮೌನವಾಗಿ ಓದಲು ಹೇಳಿ, ತಿಳಿಯದ ನಾಲ್ಕು ಪದಗಳ ಅರ್ಥ ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಅವಳೇ ತಂದೆಯ ತೋಳು ಹಿಡಿದು, “ಅಪ್ಪಾ, ಆ ಮುದುಕನಿಗೆ ಕಣ್ಣು ಕಾಣುತ್ತಿರಲಿಲ್ಲ, ಅದಕ್ಕೇ ಅವನು ನಾಯಿಯನ್ನು ಮಾರಲಿಲ್ಲ” ಎಂದಳು. ಈ ಸಾರಿ ಆಕೆ ಓದಿದ್ದು ನಮಗೆಲ್ಲ ಕೇಳಿಸಿತು.

ಇಂದು ರಾತ್ರಿಯೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿ, ಕನ್ನಡದಲ್ಲಿ ಕೇಳಿ. ಮುಂದಿನ ಭಾನುವಾರ ಬಂದಾಗ ಏನಾಯಿತೆಂದು ನಮಗೂ ತಿಳಿಸಿರಿ.